ಕೊನೆಯ ಆರು ಸೊನ್ನೆಗಳ ಕಥೆ
ಬದಿಯಡ್ಕದ ಹತ್ತಿರದ ನಮ್ಮ ಕನ್ನಡ ಶಾಲೆಯ ಗಣಿತ ಸಂಘಕ್ಕೆ ಒಂದು ಫಲಕ ಸಿದ್ಧಪಡಿಸುತ್ತಿದ್ದೆ. ವಿಷಯ, ಎರಡರ 67ನೆಯ ಘಾತದಿಂದ ಒಂದು ಕಳೆದ ಸಂಖ್ಯೆ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಅದನ್ನು ಅವಿಭಾಜ್ಯವೆಂದಿದ್ದ. 1876ರಲ್ಲಿ ಅದೇ ದೇಶದ ಗಣಿತಜ್ಞ ಲೂಕಾಸ್ ಅಲ್ಲವೆಂದು ತೋರಿಸಿದ. ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಗಣಿತಜ್ಞ ಕೋಲ್‌ನಿಂದ.

ಸ್ಪ್ರೆಡ್‌ಶೀಟ್‌ನಲ್ಲಿ ಆ ಅಪವರ್ತನಗಳಾದ 193707721 ಮತ್ತು 761838257287 ಗುಣಿಸಿದೆ. ಬಂದದ್ದು 147573952589676000000. ಅಚ್ಚಿಗೆ ಕೊಡುವುದರಲ್ಲಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು, “ಮಾಷ್ಟ್ರೇ, ಕೊನೆಯ ಅಂಕಿ ಒಂದು ಏಳಲಿ ಏಳಲ್ಲವೇ? ಸೊನ್ನೆ ಎಲ್ಲಿಂದ ಬಂತು?” ಎಂದಳು. ನನಗೆ ಹೊಳೆಯದಿದ್ದದ್ದು!

ಕೋಶವನ್ನು ಪಠ್ಯರೂಪಕ್ಕೆ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಈ ತಂತ್ರಾಂಶ ಹದಿನೈದು ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತದೆ. ನಮ್ಮ ಉತ್ತರಕ್ಕೆ ಇಪ್ಪತ್ತೊಂದು ಅಂಕಿ.

ಕೊನೆಗೆ ಎರಡೂ ಸಂಖ್ಯೆಗಳನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಒಡೆದು ಬೇರೆ ಬೇರೆ ಕೋಶಗಳಲ್ಲಿಟ್ಟೆ. 721 ಗುಣಿಸು 287 ಎಂದರೆ 206927. 927 ಉಳಿಸಿ, 206 ದಶಕ. ಮುಂದೆ 721×257, 707×287, ಜೊತೆಗೆ ಆ 206 ಸೇರಿ 388412, 412 ಉಳಿಯಿತು. ಹೀಗೇ ಸಾಗಿ 147573952589676412927 ಕೈಗೆ ಬಂತು. ಅಂಕಿಗಳನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿದರೆ ಮೂರೂ ಸಂಖ್ಯೆಗಳಲ್ಲಿ ಶೇಷ 1; 1×1=1 ಆದ್ದರಿಂದ ಉತ್ತರ ತಾಳೆಯಾಯಿತು. ಹುಡುಗಿ ತಾನೂ ಕೂಡಿಸಿ ನೋಡಿದ ಮೇಲೆಯೇ ಫಲಕ ಗೋಡೆಗೇರಿತು.