ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ ಎಂದಿದ್ದರೂ ಬ್ರಿಟನ್ನಿನಲ್ಲಿ ನಿಮಗೆ ಸಿಗುವುದೇನು?

ಮಂಗಳೂರಿನಲ್ಲಿ ನರ್ಸಿಂಗ್ ಓದಿ ಬ್ರಿಟನ್ನಿನ ಆಸ್ಪತ್ರೆಗೆ ಹೋದವರು, ಉಡುಪಿ ಕಡೆಯಿಂದ ಲಂಡನ್ನಿನ ಹೋಟೆಲ್ ಅಡುಗೆಮನೆ ಸೇರಿದವರು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ ಕಂಪನಿ ಕಡೆಯಿಂದ ಹೋದವರು. ಇವರೆಲ್ಲರ ವೀಸಾದಲ್ಲೂ ಒಂದು ಸಾಲು ಇರುತ್ತದೆ: ‘ನೋ ಪಬ್ಲಿಕ್ ಫಂಡ್ಸ್’, ಅಂದರೆ ಸರಕಾರದ ನೆರವಿನ ಹಣ ಪಡೆಯುವಂತಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಅಂಗಡಿ, ಹೋಟೆಲ್ ಎಲ್ಲ ಬಂದ್ ಆದಾಗ ಈ ಸಾಲು ನೋಡಿಯೇ ಎಷ್ಟೋ ಮಂದಿ ಹೆದರಿ ಕೂತರು. ಸರಕಾರದ ದುಡ್ಡು ಮುಟ್ಟಿದರೆ ವೀಸಾ ಹೋಗುತ್ತದೆ, ಮುಂದೆ ಪಿಆರ್ (ಶಾಶ್ವತ ನೆಲೆ) ಸಿಗುವುದಿಲ್ಲ ಅಂತ. ಆ ಹೆದರಿಕೆಯಲ್ಲಿ ತಮ್ಮ ಹಕ್ಕಿನ ಹಣವನ್ನೂ ಬಿಟ್ಟವರಿದ್ದಾರೆ. ಮತ್ತೆ ಯಾರಿಗೂ ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿರುವ ಮಕ್ಕಳೂ ಓದಲಿ, ಇಲ್ಲಿ ಶಿರ್ವದಲ್ಲೋ ಕಿನ್ನಿಗೋಳಿಯಲ್ಲೋ ಕೂತು ಚಿಂತೆ ಮಾಡುವ ಅಪ್ಪ ಅಮ್ಮನೂ ಓದಲಿ.

ಬೀಡಿ ಕಟ್ಟಿ ಮನೆ ನಡೆಸಿದ ನಮ್ಮ ಊರಿನ ಅಮ್ಮಂದಿರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಿಪಿಎಲ್ ಕಾರ್ಡಿನ ಅಕ್ಕಿ ಬೇರೆ, ಬೀಡಿಯ ಪಿಎಫ್ ಬೇರೆ. ಅಕ್ಕಿ ಸರಕಾರ ಬಡವರಿಗೆ ಅಂತ ಕೊಡುವುದು. ಪಿಎಫ್ ನಿಮ್ಮ ಮಜೂರಿಯಿಂದ ಕಡಿದು ಇಟ್ಟದ್ದು. ಅದನ್ನು ಕೇಳಲು ಯಾವ ಕಾರ್ಡೂ ಬೇಡ, ಯಾರ ದಯೆಯೂ ಬೇಡ. ಬ್ರಿಟನ್ನಿನ ವ್ಯವಸ್ಥೆಯಲ್ಲೂ ಈ ಎರಡು ದಾರಿಗಳಿವೆ. ವೀಸಾದ ಆ ಸಾಲು ಮುಚ್ಚುವುದು ಮೊದಲನೆಯ ದಾರಿಯನ್ನು ಮಾತ್ರ.

‘ಪಬ್ಲಿಕ್ ಫಂಡ್ಸ್’ ಅಂದರೆ ಏನೇನು ಎಂದು ಇಮಿಗ್ರೇಷನ್ ನಿಯಮದಲ್ಲೇ ಪಟ್ಟಿ ಇದೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಕೊಡುವ ಭತ್ಯೆ), ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್, ಪೆನ್ಷನ್ ಕ್ರೆಡಿಟ್, ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಮನೆ, ಬಡವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಇವೆಲ್ಲ ಅದರಲ್ಲಿವೆ. ಇವನ್ನು ಮುಟ್ಟಬೇಡಿ. ಆದರೆ ಪಟ್ಟಿಯಲ್ಲಿ ಇಲ್ಲದ್ದು ಪಬ್ಲಿಕ್ ಫಂಡ್ ಅಲ್ಲ. ಕಾಯಿಲೆ ಬಿದ್ದಾಗ ಕಂಪನಿ ಕೊಡಬೇಕಾದ ಸಿಕ್ ಪೇ, ಹೆರಿಗೆಯ ಹಣ, ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) ಕಟ್ಟಿದ್ದಕ್ಕೆ ಸಿಗುವ ‘ನ್ಯೂ ಸ್ಟೈಲ್’ ಭತ್ಯೆಗಳು, ಎನ್‌ಎಚ್‌ಎಸ್ (ಸರಕಾರಿ ಆರೋಗ್ಯ ಸೇವೆ) ಚಿಕಿತ್ಸೆ, ಮಕ್ಕಳ ಸರಕಾರಿ ಶಾಲೆ ಯಾವುದೂ ಆ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಒಬ್ಬರೇ ದೊಡ್ಡವರಿದ್ದರೆ ಕೌನ್ಸಿಲ್ ಟ್ಯಾಕ್ಸಿನಲ್ಲಿ ಸಿಗುವ ಶೇ. 25 ಕಡಿತವೂ ಆ ಪಟ್ಟಿಯಲ್ಲಿಲ್ಲ. ಅದನ್ನು ಸುಮ್ನೆ ಬಿಟ್ಟುಕೊಡಬೇಡಿ.

ಕೊರೊನಾ ಕಾಲದ ಅತಿ ದೊಡ್ಡ ಪರಿಹಾರ ಬಂದದ್ದು ಎರಡನೆಯ ದಾರಿಯಲ್ಲೇ. ಅದು ಫರ್ಲೋ. ಆಗ ಹಣಕಾಸು ಮಂತ್ರಿಯಾಗಿದ್ದ ರಿಷಿ ಸುನಕ್ 2020ರ ಮಾರ್ಚ್ 20ರಂದು ಅದನ್ನು ಘೋಷಿಸಿದರು. ಕೆಲಸವಿಲ್ಲ ಅಂತ ಜನರನ್ನು ತೆಗೆಯಬೇಡಿ, ಮನೆಯಲ್ಲಿ ಕೂರಿಸಿ, ಸಂಬಳದ ಶೇ. 80 ಭಾಗವನ್ನು ತಿಂಗಳಿಗೆ 2,500 ಪೌಂಡ್‌ವರೆಗೆ ನಾವು ಕೊಡುತ್ತೇವೆ ಎಂದು ಮಾಲೀಕರಿಗೆ ಸರಕಾರ ಹೇಳಿತು. 2021ರ ಸೆಪ್ಟೆಂಬರ್ 30ರವರೆಗೆ ಇದು ನಡೆಯಿತು. ಒಟ್ಟು 1.17 ಕೋಟಿ ಉದ್ಯೋಗಗಳಿಗೆ ಸಿಕ್ಕಿತು. ವೀಸಾ ಯಾವುದು ಎಂದು ಯಾರೂ ಕೇಳಲಿಲ್ಲ. ಹೆಸರು ಪೇರೋಲಿನಲ್ಲಿ ಇದ್ದರೆ ಸಾಕಿತ್ತು. ಪಾರ್ಟ್ ಟೈಮ್ ಕೆಲಸ ಮಾಡುವ ವಿದ್ಯಾರ್ಥಿಗೂ ಬಾಗಿಲು ತೆರೆದಿತ್ತು.

ಉದಾಹರಣೆಗೆ, ತಿಂಗಳಿಗೆ 2,500 ಪೌಂಡ್ ಸಂಬಳದ ಒಬ್ಬ ಬಾಣಸಿಗನ ಪೇಸ್ಲಿಪ್ ನೋಡೋಣ. ಬೇಸಿಕ್ ಪೇ ಇರುವ ಜಾಗದಲ್ಲಿ ಫರ್ಲೋ ಪೇ ಎಂದು 2,000 ಪೌಂಡ್. ಕೆಳಗೆ ಎಂದಿನಂತೆ ಆದಾಯ ತೆರಿಗೆ ಮತ್ತು ಎನ್‌ಐ ಕಡಿತ. ಅಂದರೆ ಇದು ದಾನವಲ್ಲ, ತೆರಿಗೆ ಕಟ್ಟಿ ಪಡೆದ ಸಂಬಳ. ಸ್ಪಾನ್ಸರ್ ವೀಸಾದವರಿಗೆ, ಅಂದರೆ ಕೆಲಸ ಕೊಟ್ಟ ಕಂಪನಿಯ ಹೆಸರಿನಲ್ಲಿ ವೀಸಾ ಪಡೆದವರಿಗೆ, ಇನ್ನೊಂದು ಭಯ ಇತ್ತು. ಸಂಬಳ ಇಷ್ಟಕ್ಕಿಂತ ಕಡಿಮೆಯಾದರೆ ವೀಸಾ ರದ್ದಾಗುತ್ತದಲ್ವಾ ಅಂತ. ಫರ್ಲೋದಿಂದಾಗಿ ಸಂಬಳ ಶೇ. 80, 2,500 ಪೌಂಡ್ ಎಂಬ ಈ ಮಿತಿಯವರೆಗೆ ಕಡಿಮೆಯಾದರೆ ಪರವಾಗಿಲ್ಲ ಎಂದು ಹೋಮ್ ಆಫೀಸ್ (ಗೃಹ ಇಲಾಖೆ) ಆಗಲೇ ಹೇಳಿತ್ತು. ಆದರೆ ಒಂದು ತೊಡಕಿತ್ತು: ಅರ್ಜಿ ಹಾಕಬೇಕಾದವರು ಮಾಲೀಕರೇ. ಕೆಲಸಗಾರ ತಾನೇ ಹೋಗಿ ಕೇಳುವಂತಿರಲಿಲ್ಲ. ಮಾಲೀಕ ಮನಸ್ಸು ಮಾಡದಿದ್ದರೆ ಏನೂ ಇಲ್ಲ. ಇನ್ನು, ಪೂರ್ತಿ ಫರ್ಲೋ ಎಂದು ಕಾಗದದಲ್ಲಿ ಬರೆದು ಅಡುಗೆಮನೆಯಲ್ಲಿ ದುಡಿಸಿದರೆ ಅದು ಮೋಸ. ಅರ್ಧ ಕೆಲಸ, ಅರ್ಧ ಫರ್ಲೋ ಎಂಬ ಅನುಕೂಲ ಬಂದದ್ದು 2020ರ ಜುಲೈ 1ರಿಂದ.

ಸ್ವಂತ ವ್ಯಾಪಾರದವರಿಗೆ ಬೇರೆ ಯೋಜನೆ ಇತ್ತು. ಹಿಂದಿನ ವರ್ಷಗಳ ಲಾಭ ನೋಡಿ ಐದು ಕಂತು ಕೊಟ್ಟರು. ಅದೂ ಪಬ್ಲಿಕ್ ಫಂಡ್ ಅಲ್ಲ.

ನನಗೆ ಜಾಸ್ತಿ ಸಂಕಟ ತಂದದ್ದು ಸಿಕ್ ಪೇ ವಿಷಯ. ಕೊರೊನಾ ಬಂದ ಎನ್‌ಎಚ್‌ಎಸ್ ನೌಕರರಿಗೆ ಪೂರ್ತಿ ಸಂಬಳ ಸಿಗುತ್ತಿತ್ತು. ಅದೇ ವೃದ್ಧರ ಕೇರ್ ಹೋಮಿನಲ್ಲಿ ದುಡಿಯುವ ನಮ್ಮ ಹುಡುಗಿಯರಲ್ಲಿ ಹಲವರಿಗೆ ಇದ್ದದ್ದು ಕಾನೂನು ಹೇಳುವ ಕನಿಷ್ಠ ಮಾತ್ರ. 2020–21ರಲ್ಲಿ ಅದು ವಾರಕ್ಕೆ 95.85 ಪೌಂಡ್. ಕೋಣೆ ಬಾಡಿಗೆಗೂ ಸಾಲದು. ಮೊದಲು ಮೂರು ದಿನ ಕಾಯಬೇಕಿತ್ತು. ಕೊರೊನಾದಲ್ಲಿ ಮೊದಲ ದಿನದಿಂದಲೇ ಕೊಟ್ಟರು, 2022ರ ಮಾರ್ಚಿನಲ್ಲಿ ಮತ್ತೆ ಹಳೆಯ ನಿಯಮ ತಂದರು. 2020ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇರ್ ಹೋಮ್‌ಗಳಿಗೆ ಸರಕಾರ 60 ಕೋಟಿ ಪೌಂಡ್ ಕೊಟ್ಟಿತು. ಪ್ರತ್ಯೇಕವಾಗಿ ಇರಬೇಕಾದ ನೌಕರರಿಗೆ ಪೂರ್ತಿ ಸಂಬಳ ಕೊಡಲು ಅದನ್ನು ಬಳಸಬಹುದಿತ್ತು. ಕೇಳದಿದ್ದರೆ ಇಂಥದ್ದು ಗೊತ್ತಾಗುವುದೇ ಇಲ್ಲ. ಮ್ಯಾನೇಜರ್ ಹತ್ತಿರ ಬಾಯಿಮಾತಿನಲ್ಲಿ ಅಲ್ಲ, ಇಮೇಲಿನಲ್ಲಿ ಕೇಳಿ. ಉತ್ತರ ಬರಹದಲ್ಲಿ ಬರಬೇಕು.

ಚಿಕಿತ್ಸೆ ವಿಷಯದಲ್ಲಿ ಗೊಂದಲ ಬೇಡ. ಕೊರೊನಾ ಪರೀಕ್ಷೆ, ಚಿಕಿತ್ಸೆ ಎರಡೂ ಎಲ್ಲರಿಗೂ ಉಚಿತವಾಗಿತ್ತು, ವೀಸಾ ಮುಗಿದವರಿಗೂ.

ನರ್ಸುಗಳಿಗೆ ಆಗ ಬಂದ ಒಂದು ಬದಲಾವಣೆ ಇವತ್ತಿಗೂ ಉಳಿದಿದೆ. ವೀಸಾ ಜತೆ ಕಟ್ಟುವ ಹೆಲ್ತ್ ಸರ್ಚಾರ್ಜಿನಿಂದ ಆರೋಗ್ಯ ಮತ್ತು ಕೇರ್ ಕೆಲಸದವರನ್ನು ಬಿಡುವುದಾಗಿ 2020ರ ಮೇ 21ರಂದು ಹೇಳಿದರು. ಆಗ ಅದು ವರ್ಷಕ್ಕೆ 400 ಪೌಂಡ್, 2024ರ ಫೆಬ್ರವರಿಯಿಂದ 1,035 ಪೌಂಡ್. ಗಂಡ, ಹೆಂಡತಿ, ಮಕ್ಕಳ ಲೆಕ್ಕ ಹಾಕಿದರೆ ಎಷ್ಟು ಉಳಿಯುತ್ತದೆ ನೋಡಿ. 2020ರ ಅಕ್ಟೋಬರ್ 1ರೊಳಗೆ ವೀಸಾ ಮುಗಿಯುವ ವೈದ್ಯರು, ನರ್ಸುಗಳು ಮತ್ತು ಅವರ ಮನೆಯವರಿಗೆ ಶುಲ್ಕವಿಲ್ಲದೆ ಒಂದು ವರ್ಷ ಮುಂದುವರಿಸಿದರು. ಸೇವೆಯಲ್ಲಿ ಕೊರೊನಾದಿಂದ ತೀರಿಕೊಂಡವರ ಕುಟುಂಬಕ್ಕೆ ಇಂಗ್ಲೆಂಡಿನಲ್ಲಿ 60,000 ಪೌಂಡ್ ಪರಿಹಾರವಿತ್ತು, ಅಲ್ಲಿರುವ ಹೆಂಡತಿ ಮಕ್ಕಳಿಗೆ ಶಾಶ್ವತವಾಗಿ ನೆಲೆಸುವ ಅನುಮತಿಯೂ ಇತ್ತು. ಹೇಳಲು ಬಾಯಿ ಬರುವುದಿಲ್ಲ, ಆದರೂ ಊರಿನಲ್ಲಿರುವ ಮನೆಯವರಿಗೆ ಇಂಥದ್ದು ತಿಳಿದಿರಬೇಕು.

ಶಾಶ್ವತ ನೆಲೆ ಅಥವಾ ಪೌರತ್ವ ಸಿಕ್ಕಿದವರಿಗೆ ಮೊದಲನೆಯ ದಾರಿಯೂ ತೆರೆಯುತ್ತದೆ. ಯೂನಿವರ್ಸಲ್ ಕ್ರೆಡಿಟನ್ನು 2020ರ ಏಪ್ರಿಲಿನಲ್ಲಿ ವಾರಕ್ಕೆ 20 ಪೌಂಡ್ ಹೆಚ್ಚಿಸಿ, 2021ರ ಅಕ್ಟೋಬರಿನಲ್ಲಿ ವಾಪಸ್ ತೆಗೆದರು. ಅರ್ಜಿ ಹಾಕಿದ ಮೇಲೆ ಮೊದಲ ಹಣ ಬರಲು ಸುಮಾರು ಐದು ವಾರ ಬೇಕು. ಉಳಿತಾಯ 16,000 ಪೌಂಡಿಗಿಂತ ಜಾಸ್ತಿ ಇದ್ದರೆ ಸಿಗುವುದಿಲ್ಲ. ಇಲ್ಲಿ ನಮ್ಮವರು ಎಡವುತ್ತಾರೆ. ಉಡುಪಿಯ ಸೊಸೈಟಿಯಲ್ಲಿ ಇಟ್ಟ ಎಫ್‌ಡಿ, ಸುರತ್ಕಲ್ಲಿನಲ್ಲಿ ತೆಗೆದ ಸೈಟು ಕೂಡ ಆಸ್ತಿ ಲೆಕ್ಕಕ್ಕೆ ಬರುತ್ತವೆ. ಮುಚ್ಚಿಟ್ಟರೆ ಕೊಟ್ಟ ಹಣ ವಸೂಲು ಮಾಡುತ್ತಾರೆ, ಕೇಸೂ ಹಾಕಬಹುದು. ಗಂಡನಿಗೆ ಪೌರತ್ವ ಇದ್ದು ಹೆಂಡತಿ ವೀಸಾದಲ್ಲಿದ್ದರೆ, ಆತ ಒಬ್ಬನ ಲೆಕ್ಕದಲ್ಲಿ ಮಾತ್ರ ಪಡೆಯಬಹುದು. ಆಕೆಯ ಹೆಸರಿನಲ್ಲಿ ಜಾಸ್ತಿ ಹಣ ಬಂದರೆ ಆಕೆಯ ವೀಸಾಕ್ಕೇ ತೊಂದರೆ.

ಕೆಲಸ ಹೋದರೆ ಭತ್ಯೆಗಿಂತ ಮೊದಲು ವೀಸಾ ನೋಡಿಕೊಳ್ಳಿ. ಸ್ಪಾನ್ಸರ್ ಹೋಮ್ ಆಫೀಸಿಗೆ ತಿಳಿಸುತ್ತಾರೆ. ಅಲ್ಲಿಂದ ಪತ್ರ ಬಂದ ಮೇಲೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟರೊಳಗೆ ಹೊಸ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು. ಸಂಬಳದ ತಕರಾರಿಗೆ ಏಕಾಸ್ (Acas) ಎಂಬ ಸಂಸ್ಥೆ, ಉಳಿದದ್ದಕ್ಕೆ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆ ಇದೆ. ಎರಡೂ ಉಚಿತ. ವೀಸಾ ಸಲಹೆಯನ್ನು ಅಲ್ಲಿ ನೋಂದಣಿ ಇರುವವರಿಂದ ಮಾತ್ರ ಕೇಳಿ. ಇಲ್ಲಿಂದ ಕಳಿಸಿದ ಏಜೆಂಟ್ ಫೋನಿನಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ.

ಇವತ್ತೇ ಮಾಡಬಹುದಾದ ಒಂದು ಕೆಲಸ ಇದೆ. ಪೇಸ್ಲಿಪ್, ವರ್ಷದ ಕೊನೆಗೆ ಕೊಡುವ ಸಂಬಳ, ತೆರಿಗೆ ಲೆಕ್ಕದ ಪತ್ರ ಪಿ60, ಕೆಲಸದ ಕರಾರುಪತ್ರ ಮೂರನ್ನೂ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಒಂದು ಪ್ರತಿ ಮನೆಯಲ್ಲೂ ಇರಲಿ. ಕೆಲಸ ಹೋದ ದಿನವೇ ಕಂಪನಿಯ ಲಾಗಿನ್ ಕೂಡ ಬಂದ್ ಆಗಬಹುದು. ಆಮೇಲೆ ಹಕ್ಕು ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ.