ಮಾಜಿ ಸೈನಿಕರ ಅಹವಾಲು ಸದನದವರೆಗೆ ತಲುಪುವುದು ಹೇಗೆ?

ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಕಾರವಾರ, ಅಂಕೋಲಾ ಭಾಗದಲ್ಲಿ ಗುತ್ತಿಗೆಯ ಮೇಲೆ ಭದ್ರತಾ ಸಿಬ್ಬಂದಿಯಾಗಿ ದುಡಿಯುವವರಿದ್ದಾರೆ. ಚಿಕಿತ್ಸೆಯ ತೊಂದರೆ, ಸಂಬಳದ ತೊಂದರೆ ಎರಡೂ ಒಟ್ಟಿಗೆ ಬಂದಾಗ ಅವನ್ನು ಒಂದೇ ಮನವಿಯಲ್ಲಿ ಬರೆದು, ಶಾಸಕರು ಬಂದ ದಿನ ಹಾರದೊಂದಿಗೆ ಒಪ್ಪಿಸಿ, ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ರೂಢಿ. ಆ ಮನವಿ ಮುಂದೆ ಸಾಗದಿರಲು ಜನಪ್ರತಿನಿಧಿಯ ಉದಾಸೀನವೊಂದೇ ಕಾರಣವಲ್ಲ. ಬಹಳ ಸಲ ಅದು ಸದನದಲ್ಲಿ ಕೇಳಬಹುದಾದ ರೂಪದಲ್ಲೇ ಇರುವುದಿಲ್ಲ.

ಮೊದಲು ಮಾಡಬೇಕಾದದ್ದು ವಿಷಯವನ್ನು ಬೇರ್ಪಡಿಸುವುದು. ರಕ್ಷಣೆ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಗೆ ಸೇರಿದ್ದು. ಆದ್ದರಿಂದ ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಮತ್ತು ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುವ ಪಿಂಚಣಿಯ ದೂರುಗಳನ್ನು ಸಂಸದರಿಗೇ ಕೊಡಬೇಕು. ವಿಧಾನಸಭೆಯಲ್ಲಿ ಅವಕ್ಕೆ ಉತ್ತರಿಸುವ ಸಚಿವರಿಲ್ಲ. ಆಸ್ಪತ್ರೆಯ ಮಾತು ಬಂದಾಗ ಮಾತ್ರ ವಿಷಯ ಎರಡಾಗಿ ಒಡೆಯುತ್ತದೆ. ಗಂಭೀರ ಕಾಯಿಲೆಯವರು ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡಬೇಕಾದ ಈ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬುದು ಶಾಸಕರು ಎತ್ತಬೇಕಾದ ಬೇಡಿಕೆ, ಇರುವ ಖಾಸಗಿ ಆಸ್ಪತ್ರೆಯೊಂದು ಇಸಿಎಚ್‌ಎಸ್ ಪಟ್ಟಿಗೆ ಸೇರಲಿ ಎಂಬುದು ಸಂಸದರ ಮೂಲಕ ಹೋಗಬೇಕಾದ ಬೇಡಿಕೆ.

ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಯಲ್ಲಿದೆ. ಇಲ್ಲಿ ಕೆಲಸದ ಸ್ಥಳ ಯಾರದೆಂದು ನೋಡಬೇಕು. ಕೈಗಾ ಅಣು ವಿದ್ಯುತ್ ಸ್ಥಾವರ, ಐಎನ್‌ಎಸ್ ಕದಂಬ ನೌಕಾನೆಲೆಗಳ ಗುತ್ತಿಗೆ ಕಾರ್ಮಿಕರ ತಕರಾರು ಸಾಮಾನ್ಯವಾಗಿ ಕೇಂದ್ರದ ಕಾರ್ಮಿಕ ಆಯುಕ್ತರ ವ್ಯಾಪ್ತಿಗೆ ಬರುತ್ತದೆ. ಕಾರವಾರ ಬಂದರು ಕೇಂದ್ರದ ಪ್ರಧಾನ ಬಂದರುಗಳಲ್ಲಿ ಸೇರಿಲ್ಲವಾದ್ದರಿಂದ ಅಲ್ಲಿನ ಕೆಲಸಗಾರರು ಮತ್ತು ಗೋಕರ್ಣದ ರೆಸಾರ್ಟುಗಳ ಕಾವಲುಗಾರರು ರಾಜ್ಯದ ಕಾರ್ಮಿಕ ಇಲಾಖೆಗೆ ಹೋಗಬೇಕು. ಗುತ್ತಿಗೆದಾರನ ಕಚೇರಿ ಯಾವ ಊರಿನಲ್ಲಿದೆ ಎಂಬುದರಿಂದ ಇದು ಬದಲಾಗುವುದಿಲ್ಲ.

ಇನ್ನು ಕಾನೂನಿನ ಹೆಸರು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯನ್ನೇ ಉಲ್ಲೇಖಿಸುವ ಹಳೆಯ ನಮೂನೆಗಳು ಈಗ ಉಪಯೋಗಕ್ಕೆ ಬಾರವು, ಏಕೆಂದರೆ ಹಳೆಯ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ ಕುರಿತ ನಿಯಮಗಳು ಹಿಂದೆ 20 ಜನರಿದ್ದಲ್ಲಿ ಅನ್ವಯಿಸುತ್ತಿದ್ದವು, ಈಗ 50 ಜನರಿರಬೇಕು. ಮೂವತ್ತು ಕಾವಲುಗಾರರ ಏಜೆನ್ಸಿ ಇದರಿಂದ ಹೊರಗುಳಿಯುವುದು ಸಣ್ಣ ಸಂಗತಿಯಲ್ಲ, ಮತ್ತು ನನ್ನ ಅಭಿಪ್ರಾಯದಲ್ಲಿ ಸದನದಲ್ಲಿ ಎತ್ತಲು ಇದಕ್ಕಿಂತ ಗಟ್ಟಿಯಾದ ವಿಷಯ ಬೇರೆ ಇಲ್ಲ. ಆದರೂ ಕನಿಷ್ಠ ವೇತನದ ಹಕ್ಕು, ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ ಪಡೆಯುವ ಹಕ್ಕು ಅವರಿಗೂ ಇವೆ.

ಮನವಿಯೊಂದಿಗೆ ವೇತನ ಚೀಟಿ, ಪಿಎಫ್ ಪಾಸ್‌ಬುಕ್, ಆಸ್ಪತ್ರೆಯ ರೆಫರಲ್ ಪತ್ರ ಮತ್ತು ಈ ಮೊದಲು ಸಲ್ಲಿಸಿದ ದೂರಿನ ನೋಂದಣಿ ಸಂಖ್ಯೆ ಇರಲಿ.

ಮುಖ್ಯ ಕೆಲಸ ಇರುವುದು ಒಕ್ಕಣೆಯಲ್ಲಿ. ‘ಮಾಜಿ ಸೈನಿಕರಿಗೆ ಅನ್ಯಾಯವಾಗುತ್ತಿದೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದರೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಬರೆಯಿರಿ: ‘ಉತ್ತರ ಕನ್ನಡ ಜಿಲ್ಲೆಯಲ್ಲಿ ಇಸಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆಗಳು ಎಷ್ಟು? ಕಳೆದ ಮೂರು ವರ್ಷಗಳಲ್ಲಿ ಪಟ್ಟಿಯಿಂದ ಹೊರಹೋದವು ಯಾವುವು, ಕಾರಣವೇನು? ಅವುಗಳಿಗೆ ಪಾವತಿಯಾಗದೆ ಉಳಿದ ಬಿಲ್ಲಿನ ಮೊತ್ತವೆಷ್ಟು?’ ಸಂಖ್ಯೆ ಕೇಳಿದಾಗ ಅಧಿಕಾರಿಗಳು ಕಡತ ತೆರೆಯಲೇಬೇಕಾಗುತ್ತದೆ. ಒಬ್ಬರದೇ ಪಿಂಚಣಿಯ ದೂರನ್ನು ಪ್ರಶ್ನೆಯಾಗಿಸಲು ಬಾರದು. ಅದಕ್ಕೆ ಸಂಸದರಿಂದ ಸಚಿವರಿಗೆ ಪತ್ರ ಬರೆಸುವುದೇ ದಾರಿ.

ಸಮಯವನ್ನೂ ಗಮನಿಸಬೇಕು. ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಸೂಚನೆ ಬೇಕಾಗುವುದರಿಂದ ಅಧಿವೇಶನ ಆರಂಭವಾದ ಮೇಲೆ ಮನವಿ ಕೊಟ್ಟರೆ ಅದು ಮುಂದಿನ ಅಧಿವೇಶನದ ಪಾಲಾಗಬಹುದು. ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ ದಿನಕ್ಕೆ 20ಕ್ಕಷ್ಟೇ ಅವಕಾಶವಿದ್ದು, ಅವನ್ನು ಚೀಟಿ ಎತ್ತಿ ಆರಿಸಲಾಗುತ್ತದೆ. ಚುಕ್ಕೆ ರಹಿತ ಪ್ರಶ್ನೆಗಳು 230. ನಿಮಗೆ ಬೇಕಾದದ್ದು ಲಿಖಿತ ಅಂಕಿ-ಅಂಶವಾದರೆ ಚುಕ್ಕೆ ರಹಿತ ಪ್ರಶ್ನೆಯೇ ಸಾಕು ಎಂದು ಸಂಸದರ ಆಪ್ತ ಕಾರ್ಯದರ್ಶಿಗೆ ಹೇಳಿ. ರಾಜ್ಯದ ವಿಷಯವಾದರೆ ಶಾಸಕರಿಂದ ಗಮನ ಸೆಳೆಯುವ ಸೂಚನೆ ಕೊಡಿಸಬಹುದು, ಬೆಳಗಾವಿ ಅಧಿವೇಶನಕ್ಕೆ ಹೋಗಿ ಬರುವುದೂ ನಮಗೆ ಹತ್ತಿರ. ಸಚಿವರಲ್ಲದ ಸದಸ್ಯರೊಬ್ಬರು ತರುವ ಖಾಸಗಿ ಮಸೂದೆ ಮಂಡಿಸುವ ಭರವಸೆಯನ್ನು ಹೆಚ್ಚು ನೆಚ್ಚಬೇಡಿ, ಅಂಥ ಮಸೂದೆಯೊಂದು ಸಂಸತ್ತಿನಲ್ಲಿ ಕೊನೆಯದಾಗಿ ಅಂಗೀಕಾರವಾದದ್ದು 1970ರಲ್ಲಿ.

ಉತ್ತರ ಬಂದ ಮೇಲೆ ಅದರ ಪ್ರತಿಯನ್ನು ಕೇಳಿ ಪಡೆದು, ‘ಪರಿಶೀಲನೆಯಲ್ಲಿದೆ’ ಎಂಬಂಥ ಮಾತು ಎಲ್ಲಿದೆಯೆಂದು ಗುರುತು ಹಾಕಿಕೊಳ್ಳಿ. ಲೋಕಸಭೆಯಲ್ಲಿ ಸಚಿವರು ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ನಿಯಮವಿದ್ದು, ಅದನ್ನು ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಮೂರು ತಿಂಗಳು ಮುಗಿದರೂ ಏನೂ ಆಗದಿದ್ದರೆ, ಉತ್ತರದ ದಿನಾಂಕ ಮತ್ತು ಪ್ರಶ್ನೆಯ ಸಂಖ್ಯೆಯನ್ನು ನಮೂದಿಸಿ ಎರಡನೇ ಮನವಿಯನ್ನು ಸಂಸದರಿಗೆ ಕಳುಹಿಸಿ.