ಸೊಂಟದಿಂದ ಕಾಲಿಗೆ ಇಳಿಯುವ ನೋವು: ಸಯಾಟಿಕಾ ಹೌದೋ ಅಲ್ಲವೋ, ನೋಡುವುದು ಹೇಗೆ?

ಕೋಲಾರದ ಟೊಮೆಟೊ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ ಎತ್ತಿ ಇಳಿಸುವವರನ್ನು ಕೇಳಿ, ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಆಫೀಸಿಗೆ ಹೋಗುವವರನ್ನು ಕೇಳಿ. ‘ಸೊಂಟ ಹಿಡ್ಕೊಂಡಿದೆ’ ಅನ್ನದವರು ಕಡಿಮೆ. ನೋವು ಸ್ವಲ್ಪ ಕಾಲಿಗೆ ಇಳಿದರೆ ಸಾಕು, ಅಕ್ಕಪಕ್ಕದವರು ಸಯಾಟಿಕಾ ಅಂತ ಹೆಸರಿಟ್ಟುಬಿಡುತ್ತಾರೆ. ಆದರೆ ಎಲ್ಲ ಸೊಂಟನೋವೂ ಸಯಾಟಿಕಾ ಅಲ್ಲ. ಕಾಲಿಗೆ ಇಳಿಯುವ ಸಯಾಟಿಕ್ ನರ ಅಥವಾ ಅದರ ಬೇರಿಗೆ ಒತ್ತಡ ಬಿದ್ದು ಬರುವ ನೋವಷ್ಟೇ ಸಯಾಟಿಕಾ.

ಮೊದಲು ನೋವು ಹೋಗುವ ದಾರಿಯನ್ನು ಬೆರಳಿಟ್ಟು ತೋರಿಸಿ. ಸಯಾಟಿಕ್ ನರ ನಮ್ಮ ದೇಹದ ಅತಿ ದಪ್ಪ ನರ. ಬೆನ್ನುಮೂಳೆಯ ಕೆಳಭಾಗದಿಂದ ಹೊರಡುವ ಐದು ನರಬೇರುಗಳು ಸೇರಿ ಅದು ಆಗುತ್ತದೆ. ಪಿರ್ರೆಯ ಒಳಗಿಂದ ತೊಡೆಯ ಹಿಂಬದಿಗೆ ಇಳಿದು, ಮಂಡಿಯ ಹತ್ತಿರ ಕವಲಾಗಿ ಪಾದ ಮುಟ್ಟುತ್ತದೆ. ಹೆಚ್ಚಾಗಿ ಉಬ್ಬಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒಂದು ಬೇರನ್ನು ಒತ್ತಿರುತ್ತದೆ. ಹಾಗಾಗಿ ನೋವು ಸಾಮಾನ್ಯವಾಗಿ ಒಂದೇ ಕಾಲಲ್ಲಿ, ಇದೇ ದಾರಿಯಲ್ಲಿ. ಮಂಡಿ ದಾಟಿ ಕೆಳಗೆ ಇಳಿದರೆ, ಸೊಂಟಕ್ಕಿಂತ ಕಾಲೇ ಜಾಸ್ತಿ ನೋಯುತ್ತಿದ್ದರೆ ಅನುಮಾನ ಗಟ್ಟಿ. ಪಾದದ ಮೇಲ್ಭಾಗ, ಹೆಬ್ಬೆರಳು ಜೋಮು ಹಿಡಿದರೆ ಒಂದು ಬೇರು. ಪಾದದ ಹೊರಅಂಚು, ಕಿರುಬೆರಳು ಆದರೆ ಅದರ ಕೆಳಗಿನ ಬೇರು. ಇಷ್ಟು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ.

ನೋವಿನ ಗುಣವನ್ನೂ ಗಮನಿಸಿ. ಕರೆಂಟ್ ಹೊಡೆದ ಹಾಗೆ ಚಳಕ್ಕೆನ್ನುವುದು, ಉರಿ, ಜುಮುಜುಮು. ಕೆಮ್ಮಿದರೆ, ಸೀನಿದರೆ, ಶೌಚಕ್ಕೆ ಮುಕ್ಕಿದರೆ, ಬಸ್ಸಿನಲ್ಲಿ ತುಂಬಾ ಹೊತ್ತು ಕೂತರೆ ಹೆಚ್ಚುತ್ತದೆ.

ಆಮೇಲೆ ಮನೆಯಲ್ಲೇ ಎರಡು ಪರೀಕ್ಷೆ. ಗೋಡೆ ಹಿಡಿದು ಹಿಮ್ಮಡಿ ಮೇಲೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಒಂದು ಕಾಲು ಸೋತರೆ ನರಕ್ಕೆ ಒತ್ತಡ ಬಿದ್ದಿರಬಹುದು. ಇನ್ನೊಂದು: ಚಾಪೆ ಮೇಲೆ ಅಂಗಾತ ಮಲಗಿ, ನೋವಿರುವ ಕಾಲನ್ನು ಮಂಡಿ ಮಡಚದೆ ಇನ್ನೊಬ್ಬರು ಮೆಲ್ಲಗೆ ಎತ್ತಲಿ. ಸುಮಾರು 30ರಿಂದ 70 ಡಿಗ್ರಿ ಎತ್ತುವಷ್ಟರಲ್ಲಿ ಮಂಡಿಯ ಕೆಳಗೂ ಚಳಕು ಹೊಡೆದರೆ ಅದು ಸಯಾಟಿಕಾ ಲಕ್ಷಣ. ತೊಡೆಯ ಹಿಂದೆ ಸುಮ್ನೆ ಬಿಗಿ ಎನಿಸಿದರೆ ಲೆಕ್ಕಕ್ಕಿಲ್ಲ. ನೋವು ಬಂದ ಕೂಡಲೇ ನಿಲ್ಲಿಸಿ, ಒತ್ತಾಯ ಬೇಡ.

ಮೋಸ ಮಾಡುವ ನೋವುಗಳೂ ಇವೆ. ನಡೆದಾಗ ಮೀನಖಂಡ ಹಿಡಿದು, ನಿಂತ ಕೂಡಲೇ ಬಿಟ್ಟರೆ ಅದು ರಕ್ತನಾಳದ ತೊಂದರೆ ಇರಬಹುದು. ಬೀಡಿ ಸೇದುವವರು, ಸಕ್ಕರೆ ಕಾಯಿಲೆಯವರು ತಡಮಾಡಬಾರದು. ಎರಡೂ ಪಾದ ಉರಿಯುತ್ತಿದ್ದರೆ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಿ. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ನಮ್ಮ ಬಯಲುಸೀಮೆಗೆ ಇನ್ನೊಂದಿದೆ: ಫ್ಲೋರೈಡ್. ಬಾಗೇಪಲ್ಲಿ, ಪಾವಗಡ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ವರ್ಷಗಟ್ಟಲೆ ಕುಡಿದವರಿಗೆ ಕತ್ತು, ಬೆನ್ನು, ಕೀಲು ಎಲ್ಲ ಬಿಗಿಯುತ್ತವೆ. ಮೂಳೆ ದಪ್ಪಗಾಗಿ ನರವನ್ನೂ ಒತ್ತಬಹುದು. ಯಾವ ನೀರು ಕುಡಿಯುತ್ತೀರಿ ಅಂತ ವೈದ್ಯರಿಗೆ ಹೇಳಿ.

ಇನ್ನು ಒಂದು ಗಂಟೆಯೂ ಕಾಯಬಾರದ ಲಕ್ಷಣಗಳು. ಬೈಕಿನ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು, ಮೂತ್ರ ಕಟ್ಟುವುದು, ಮಲ-ಮೂತ್ರ ತಿಳಿಯದೇ ಹೋಗುವುದು, ಎರಡೂ ಕಾಲು ಸೋಲುವುದು. ಆಗ ಮುಲಾಮು ಹಚ್ಚುತ್ತ ಕೂರಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನಷ್ಟ ಶಾಶ್ವತ. ಪಾದ ಎತ್ತಲಾಗದೆ ಚಪ್ಪಲಿ ಜಾರಿ ಹೋದರೂ ಅವತ್ತೇ ತೋರಿಸಿ. ಬಿದ್ದ ಮೇಲೆ ಶುರುವಾದ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಇವು ಯಾವುವೂ ಇಲ್ಲದಿದ್ದರೆ ಗಾಬರಿ ಬೇಡ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಗ್ಗುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಆದಷ್ಟು ಓಡಾಡುವುದೇ ಒಳ್ಳೆಯದು. ‘ನರ ಎಳೆದು ಕೂರಿಸ್ತೀನಿ’ ಅನ್ನುವವರ ಕೈಗೆ ಮಾತ್ರ ಸೊಂಟ ಕೊಡಬೇಡಿ. ಮೊದಲ ದಿನವೇ ಎಂಆರ್‌ಐ ಕೇಳುವುದೂ ಬೇಡ: ಯಾವ ನೋವೂ ಇಲ್ಲದ ನಡುವಯಸ್ಸಿನವರ ಸ್ಕ್ಯಾನ್‌ನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ.